‘ಆ್ಯನ್ ಆಕ್ಸ್ ಟು ಗ್ರೈಂಡ್’: ಈ ನುಡಿಗಟ್ಟನ್ನು ನೀವು ಹೇಗೆ ಕಲಿತಿರಿ?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗೆ ಓದುತ್ತಿದ್ದೇನೆ. ‘ಟು ಹ್ಯಾವ್ ಆ್ಯನ್ ಆಕ್ಸ್ ಟು ಗ್ರೈಂಡ್’ ಎಂದರೆ ಒಳಗೊಂದು ಸ್ವಾರ್ಥ ಇಟ್ಟುಕೊಂಡಿರುವುದು ಎಂದು ಕೈಪಿಡಿಯಲ್ಲಿದೆ. ಕೊಡಲಿ ಮಸೆಯುವುದಕ್ಕೂ ಸ್ವಾರ್ಥಕ್ಕೂ ಇರುವ ಸಂಬಂಧ ತಿಳಿಯದೆ ಅದು ನೆನಪಿನಲ್ಲಿ ನಿಲ್ಲುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಇಂಗ್ಲಿಷ್ ಉಪನ್ಯಾಸಕಿ: ನಾನು ತರಗತಿಯಲ್ಲಿ ಅರ್ಥಕ್ಕಿಂತ ಮೊದಲು ಕಥೆಯನ್ನೇ ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ಪತ್ರಕರ್ತ ಚಾರ್ಲ್ಸ್ ಮೈನರ್ 1810ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಹೆಗಲ ಮೇಲೆ ಕೊಡಲಿ ಹೊತ್ತು ಬಂದವನೊಬ್ಬ ಚಿಕ್ಕ ಹುಡುಗನನ್ನು ಬಾಯಿತುಂಬ ಹೊಗಳಿ, ಅವನ ಮನೆಯ ಸಾಣೆಕಲ್ಲನ್ನು ಅವನ ಕೈಯಿಂದಲೇ ತಿರುಗಿಸುತ್ತಾನೆ. ಅಂಗೈಯಲ್ಲಿ ಬೊಬ್ಬೆ ಎದ್ದರೂ, ಶಾಲೆಯ ಗಂಟೆ ಬಾರಿಸಿದರೂ ಬಿಡುವುದಿಲ್ಲ. ಕೊಡಲಿ ಹರಿತವಾದದ್ದೇ ತಡ, ಶಾಲೆ ತಪ್ಪಿಸಿದ ಪೋಕರಿ ಎಂದು ಅದೇ ಹುಡುಗನನ್ನು ಗದರಿಸಿ ಅಟ್ಟುತ್ತಾನೆ. ದೊಡ್ಡವನಾದ ಆ ಹುಡುಗ, ಗಿರಾಕಿಗಳನ್ನು ಅತಿಯಾಗಿ ಓಲೈಸುವ ವ್ಯಾಪಾರಿಯನ್ನು ಕಂಡಾಗ ಇವನಿಗೂ ಮಸೆಯಬೇಕಾದ ಕೊಡಲಿಯೊಂದಿದೆ ಎಂದುಕೊಳ್ಳುತ್ತಾನೆ. ಇದು ಬೆಂಜಮಿನ್ ಫ್ರಾಂಕ್ಲಿನ್ನರ ಬರಹವೆಂದು ಹಲವೆಡೆ ಅಚ್ಚಾಗಿರುವುದು ಸರಿಯಲ್ಲ. ಮೈನರ್ ಬರಹಕ್ಕೆಂದು ಇಟ್ಟುಕೊಂಡಿದ್ದ ‘ಪೂರ್ ರಾಬರ್ಟ್’ ಎಂಬ ಗುಪ್ತನಾಮ ಫ್ರಾಂಕ್ಲಿನ್ನರ ಗುಪ್ತನಾಮವಾದ ‘ಪೂರ್ ರಿಚರ್ಡ್’ ಜೊತೆ ಕಲಸಿಹೋದದ್ದರಿಂದ ಆ ತಪ್ಪು ಹಬ್ಬಿತು.

ಪತ್ರಿಕಾ ಅನುವಾದಕ: ಮೇಡಂ ಹೇಳಿದ ಕಥೆ ಗೊತ್ತಿದ್ದರೂ ಕನ್ನಡದವರು ಇಲ್ಲಿ ಎಚ್ಚರದಿಂದಿರಬೇಕು. ನಮ್ಮಲ್ಲಿ ‘ಕತ್ತಿ ಮಸೆಯುವುದು’ ಎಂದರೆ ಹಗೆ ಸಾಧಿಸಲು ಹೊಂಚುಹಾಕುವುದು. ಈ ಕೊಡಲಿಗೆ ಹತ್ತಿರವಾದ ನಮ್ಮ ಮಾತು ‘ತನ್ನ ಬೇಳೆ ಬೇಯಿಸಿಕೊಳ್ಳುವುದು’. ಊರ ಹಿತಕ್ಕಾಗಿ ಈ ರಸ್ತೆ ಅಗಲವಾಗಲೇಬೇಕೆಂದು ಸಭೆಯಲ್ಲಿ ಪಟ್ಟುಹಿಡಿದವರ ಮಾರಾಟದ ನಿವೇಶನಗಳು ಅದೇ ರಸ್ತೆಯ ಅಂಚಿನಲ್ಲಿದ್ದರೆ, ಅವರ ಬಗ್ಗೆ ಈ ಮಾತು ಸಲ್ಲುತ್ತದೆ. ಹಳೆಯ ಅಸಮಾಧಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುವವರ ಬಗ್ಗೆಯೂ ಈಗ, ಮುಖ್ಯವಾಗಿ ಅಮೆರಿಕದಲ್ಲಿ, ಇದನ್ನು ಬಳಸುತ್ತಾರಾದ್ದರಿಂದ ಹಿಂದುಮುಂದಿನ ವಾಕ್ಯಗಳನ್ನು ನೋಡಿಯೇ ಅರ್ಥ ನಿರ್ಧರಿಸಿ. ಇದರ ನಿಷೇಧ ರೂಪ ಬಹಳ ಬಳಕೆಯಲ್ಲಿದೆ: ‘ಐ ಹ್ಯಾವ್ ನೋ ಆಕ್ಸ್ ಟು ಗ್ರೈಂಡ್’ ಎಂದರೆ, ಈ ವಿಷಯದಲ್ಲಿ ನನ್ನ ಸ್ವಂತ ಲಾಭವೇನೂ ಇಲ್ಲ ಎಂದರ್ಥ.

ಕಳೆದ ಸಾಲಿನ ಅಭ್ಯರ್ಥಿ: ನನಗೆ ನೆರವಾದದ್ದು ಸಮೀಪಾರ್ಥದ ಮಾತುಗಳನ್ನು ಒಟ್ಟಿಗೆ ಓದಿದ್ದು. ‘ಅಲ್ಟೀರಿಯರ್ ಮೋಟಿವ್’ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಕೆಲಸದ ಹಿಂದಿನ ಗುಟ್ಟಾದ ಕಾರಣವನ್ನು ಹೇಳುತ್ತದೆ. ‘ಹಿಡನ್ ಅಜೆಂಡಾ’ ಎಂಬುದು ಪಕ್ಷ, ಸಂಸ್ಥೆಗಳ ಮರೆಮಾಚಿದ ಯೋಜನೆಯ ಕುರಿತು ಹೆಚ್ಚಾಗಿ ಬರುತ್ತದೆ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟದಲ್ಲಿ ಇವು ಕಂಡಾಗಲೆಲ್ಲ ಇಡೀ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ; ಬರಿಯ ಅರ್ಥವನ್ನು ಬರೆದುಕೊಂಡರೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಮೂರೂ ಸರಿಯೆಂದೇ ತೋರುತ್ತವೆ.