ಸಹಾಯ ಬೇಕು: ಐದನೇ ತರಗತಿಗೆ ವಾರದ ಓದು-ಬರಹದ ಗುರಿ

ಮಂಡ್ಯ ಕಡೆಯ ಶಾಲೆ, ಐದನೇ ತರಗತಿ, ಕನ್ನಡ. ವಾರಕ್ಕೆ ಒಂದೇ ಗುರಿ, ಅದೂ ಅಳೆಯುವಂಥದ್ದು. ‘ಒತ್ತಕ್ಷರ ಕಲಿಯುವರು’ ಅಂತ ಬರೆದರೆ ಶನಿವಾರ ಏನು ನೋಡೋದು? ‘ಉಕ್ತಲೇಖನದ 10 ಪದಗಳಲ್ಲಿ 8 ಸರಿ’ ಅಂದರೆ ಲೆಕ್ಕ ಸಿಗುತ್ತೆ. ಸೋಮವಾರದ ಪದಗಳನ್ನೇ ಮತ್ತೆ ಕೊಟ್ಟರೆ ಬರೋದು ಬಾಯಿಪಾಠ ಅಷ್ಟೇ, ಹಾಗಾಗಿ ಹೊಸ ಪದ ಬೇಕು.

ಸಜಾತಿ ಒತ್ತು (ಹಳ್ಳಿ, ಕಬ್ಬು) ಮೊದಲು, ವಿಜಾತಿ (ಪುಸ್ತಕ, ಅಗ್ನಿ) ಆಮೇಲೆ. ಅರ್ಕಾವೊತ್ತು ಕೊನೆಗೆ: ‘ಸೂರ್ಯ’ದಲ್ಲಿ ರಕಾರ ಮೊದಲು ಕೇಳಿಸುತ್ತೆ, ಬರೆಯೋದು ಆಮೇಲೆ, ಮಕ್ಕಳು ‘ಸೂಯ್ರ’ ಮಾಡ್ತಾರೆ.

ತೊಡಕಿರೋದು ಹಕಾರದಲ್ಲಿ. ಮನೆಮಾತಲ್ಲಿ ‘ಹಕ್ಕಿ’ಯೂ ‘ಅಕ್ಕಿ’ಯೇ. ಮಾತನ್ನು ತಿದ್ದೋದು ಬೇಡ, ಬರಹಕ್ಕೆ ಮಾತ್ರ ದಾರಿ ಬೇಕು. ಹಾಡು-ಆಡು, ಹಳೆ-ಅಳೆ ಥರದ 20 ಜೋಡಿ ಪದ, ಅವು ಬರುವ 60-80 ಪದಗಳ ಗದ್ಯಭಾಗ ಇದ್ದರೆ ಕಳಿಸಿ. ಚಿತ್ರವಿದ್ದರೆ ಇನ್ನೂ ಒಳ್ಳೇದು.