ಪಕ್ಕದ ಬ್ಯಾಂಡ್ ಮತ್ತ ಎಬ್ಬಿಸೋದು ಸರಿ ಏನು?

ವಡಗಾವಿ ಬಾಸ್:
ಪುಣೆದಾಗಿರೋ ನನ್ನ ಹಳೇ ಗಿಟಾರ್ ದೋಸ್ತ ಹೋದ ವಾರ ಲಿಕ್ವಿಡ್ ಟೆನ್ಶನ್ ಎಕ್ಸ್‌ಪೆರಿಮೆಂಟ್ ಅನ್ನೋ ಬ್ಯಾಂಡಿನ ಮೂರನೇ ಆಲ್ಬಮ್ಮಿನ ಲಿಂಕ್ ಕಳಿಸಿ, ಕೆಳಗ ಒಂದ ಸಾಲು ಬರದಾನ: "ಇವರು 22 ವರ್ಷದ ಮ್ಯಾಲ ಮತ್ತ ಆಲ್ಬಮ್ ಮಾಡಿದ್ರು. ನಮ್ಮದೇನು ಗಂಟು ಹೋಗತೈತಿ?" ಅವಾಗಿಂದ ತಲಿ ಕೆಟ್ಟೈತಿ.

ಗೊತ್ತಿಲ್ಲದವರಿಗೆ ಎರಡ ಮಾತು. 1997ರಾಗ ಅಮೇರಿಕಾದ ಮ್ಯಾಗ್ನಾ ಕಾರ್ಟಾ ರೆಕಾರ್ಡ್ ಕಂಪನಿಯವರು ಡ್ರೀಮ್ ಥಿಯೇಟರ್ ಅನ್ನೋ ಬ್ಯಾಂಡಿನ ಡ್ರಮ್ಮರ್ ಮೈಕ್ ಪೋರ್ಟ್ನಾಯ್‌ಗೆ, ಬೇಕಾದವರನ್ನ ಕೂಡಿಸ್ಕೊಂಡು ಬ್ಯಾರೆನ ಒಂದು ಆಲ್ಬಮ್ ಮಾಡು ಅಂದ್ರು. ಅಂವ ಕಿಂಗ್ ಕ್ರಿಮ್ಸನ್ ಬ್ಯಾಂಡಿನ ಟೋನಿ ಲೆವಿನ್ನನ್ನ ಬಾಸಿಗೆ, ಜೋರ್ಡನ್ ರೂಡೆಸ್‌ನ ಕೀಬೋರ್ಡಿಗೆ ಕರದ. ಗಿಟಾರಿಗೆ ಹೊರಗಿನವರನ್ನ ನೋಡಿ, ಸಿಗದ ಕಡೀಕ ತನ್ನ ಬ್ಯಾಂಡಿನ ಜಾನ್ ಪೆಟ್ರೂಚಿನ್ನೇ ಕರ್ಕೊಂಡ. ಅದ ಈ ಲಿಕ್ವಿಡ್ ಟೆನ್ಶನ್. ಹಾಡಾಂವ ಇಲ್ಲ, ಬರೇ ವಾದ್ಯ. 1998ಕ್ಕ ಒಂದು, 1999ಕ್ಕ ಇನ್ನೊಂದು ಆಲ್ಬಮ್. ಆಮ್ಯಾಲ ಮೂರನೇದು ಬಂದದ್ದು 2021ರ ಏಪ್ರಿಲ್‌ನ್ಯಾಗ.

ನಮ್ಮದು 2006, ಬೆಳಗಾವಿ, ಇಂಜಿನಿಯರಿಂಗ್ ಮೂರನೇ ವರ್ಷ. ಖರೇ ಬ್ಯಾಂಡು ಗಣಪತಿಗೆ, ಗ್ಯಾದರಿಂಗಿಗೆ ಹಿಂದಿ, ಮರಾಠಿ, ಕನ್ನಡ ಹಾಡು ಹೊಡೀತಿತ್ತು. ರೊಕ್ಕ ಬರ್ತಿತ್ತು. ಅದರ ಬಾಜೂಕ ನಾವು ನಾಕ ಮಂದಿ ಇನ್ನೊಂದು ಹುಚ್ಚಾಟ ಚಾಲೂ ಮಾಡಿದ್ವಿ: ಗಿಟಾರ್, ಬಾಸ್, ಹಾರ್ಮೋನಿಯಂ, ಕರಡಿ (ಕರಡಿ ಮಜಲಿನ ಚರ್ಮವಾದ್ಯ). ಹಾರ್ಮೋನಿಯಂ ಹಲಗಿಗೆ ಒಂದು ಪೈಜೋ ಬಿಲ್ಲಿ (ಅದುರೂದನ್ನ ಹಿಡಿಯೋ ಸಣ್ಣ ಮೈಕ್) ಅಂಟಿಸಿ, ಅದರ ವೈರು ಕಿತ್ತಳಿ ಬಣ್ಣದ ಡಿಸ್ಟಾರ್ಶನ್ ಪೆಡಲ್ಲಿಗೆ, ಅಂದ್ರ ದನಿ ಒಡದು ಗರಗರ ಮಾಡೋ ಡಬ್ಬಿಗೆ. ಸ್ವರಕ್ಕಿಂತ ಮೊದಲ ತಿದಿ ಉಸುರು ಬಿಡೋದು ಕೇಳ್ತಿತ್ತು, ಬಿಸಲಾಗ ನಿಂತ ಎಮ್ಮಿ ಹಂಗ. ಹಾರ್ಮೋನಿಯಂ ಹುಡುಗ ಕಾಳಿ ಎರಡು (ಎರಡನೇ ಕರೀ ಪಟ್ಟಿಯ ಸ್ವರ) ಬಿಟ್ಟು ಅಲಗ್ಯಾಡತಿದ್ದಿಲ್ಲ. ಗಿಟಾರಿನ ತಂತಿ ಎಲ್ಲಾ ಅರ್ಧ ಸ್ವರ ಇಳಿಸಿದ್ರ ಸರೀ ಅಲ್ಲೇ ಬಂದು ಕೂಡ್ತಿತ್ತು.

ಪ್ರಾಕ್ಟೀಸು ವಡಗಾವಿಯೊಳಗ ಒಂದು ಪವರ್‌ಲೂಮ್ ಮನಿ ಹಿಂದಿನ ಖೋಲ್ಯಾಗ. ಮಗ್ಗ ಖಟಕ್ ಖಟಕ್ ನಡದಿರ್ತಿತ್ತು, ಹಿಂಗಾಗಿ ಗದ್ದಲಾ ಅಂತ ಯಾರೂ ಬೈಲಿಲ್ಲ. ಕರೆಂಟ್ ಹೋತಂದ್ರ ಮಗ್ಗಾನೂ ಬಂದ್, ಆಂಪ್ಲಿಫೈಯರೂ ಬಂದ್, ಕರಡಿ ಒಂದ ಕತ್ತಲದಾಗ ನಡದಿರ್ತಿತ್ತು. ಮಂದಿ ಮುಂದ ಬಾರಿಸಿದ್ದು ಎರಡ ಸಲ. 2007ಕ್ಕ ಮುಗೀತು.

ನನ್ನ ಮತ ಏನಂದ್ರ, ಎಬ್ಬಿಸೂದು ಬ್ಯಾಡ. ಅದು ಆ ಖೋಲಿಗೆ, ಆ ವಯಸ್ಸಿಗೆ ಸೇರಿದ್ದು. ನೀವೇನಂತೀರಿ?

ಕೀಬೋರ್ಡ್ ಕಾಕಾ, ಬಾಗಲಕೋಟಿ:
ತಮ್ಮಾ, ನಿಮ್ಮದು ಎಕ್ಸ್‌ಪೆರಿಮೆಂಟು, ಒಪ್ಪಿದೆ. ಅವರದು ಯಾವ ಸೀಮಿ ಎಕ್ಸ್‌ಪೆರಿಮೆಂಟು? ನಾಕೂ ಮಂದಿ ಪಂಟರು. ಎಲ್ಲಾ ಲೆಕ್ಕಾಚಾರ, ಒಂದು ಸ್ವರ ಆಚೀಚಿ ಇಲ್ಲ. ನಾ ಮೂವತ್ತು ವರ್ಷ ಆರ್ಕೆಸ್ಟ್ರಾದಾಗ ಬಾರಿಸೀನಿ, ಬೆರಳ ಸ್ಪೀಡಿಗೆ ಪ್ರಯೋಗ ಅಂತ ಹೆಸರಿಟ್ರ ನಾನೂ ಪ್ರಯೋಗಶೀಲನ.

ಇಳಕಲ್ ಸೆರಗು:
ಕಾಕಾರ, ಪೂರಾ ಕೇಳೀರೇನು? ಮೊದಲನೇ ಆಲ್ಬಮ್ಮಿನ ಕಡೇಕ 28 ನಿಮಿಷದ ಒಂದು ಜಾಮ್ ಐತಿ. ಮೊದಲ ಏನೂ ಬರಕೊಳ್ಳದ ಕೂತು ಬಾರಿಸಿದ್ದು. ಅದಕ್ಕ ಇಟ್ಟ ಹೆಸರಿನ ಅರ್ಥ "ಮೂರು ನಿಮಿಷದ ಎಚ್ಚರಿಕೆ"! ಸೀಡಿ ಕವರಿನ ಮ್ಯಾಲ ಅವರ ಬರದಾರ, ತಾಳ್ಮಿ ಇಲ್ಲದವರು ಎಂಟನೇ ಟ್ರ್ಯಾಕ್ ಆದ ಮ್ಯಾಲ ಬಂದ್ ಮಾಡ್ರಿ ಅಂತ. ನಿಮ್ಮಂಥವರಿಗೇ ಬರದದ್ದು ನೋಡ್ರಿ.

ಇನ್ನ ಒಂದು ಸ್ವರ ಆಚೀಚಿ ಆಗೋ ಮಾತು. 2008ರಾಗ ಹತ್ತು ವರ್ಷದ ನೆಪಕ್ಕ ಅಮೇರಿಕಾದಾಗ ಕೆಲವು ಶೋ ಮಾಡಿದ್ರು. ಶಿಕಾಗೋದಾಗ ನಡೂ ಶೋದಾಗ ರೂಡೆಸ್‌ನ ಕೀಬೋರ್ಡ್ ಸತ್ತೇ ಹೋತು. ಅದನ್ನ ರಿಪೇರಿ ಮಾಡಾಕ ಹತ್ತಿದಾಗ ಉಳದವರು ಸುಮ್ಮ ನಿಲ್ಲಲಿಲ್ಲ, ತೋಚಿದ್ದು ಬಾರಿಸ್ಕೋತ ಹೋದ್ರು. ಅದನ್ನೇ ಮುಂದ ಆಲ್ಬಮ್ ಮಾಡಿ ಹಾಕಿದ್ರು, ಹೆಸರಿನೊಳಗೂ ಕೀಬೋರ್ಡ್ ಕೆಟ್ಟದ್ದರ ಚಾಷ್ಟಿ. ನಿಮ್ಮ ಆರ್ಕೆಸ್ಟ್ರಾದಾಗ ಕೀಬೋರ್ಡ್ ಕೆಟ್ರ ಏನ ಮಾಡತೀರಿ ಕಾಕಾ?

ಕೀಬೋರ್ಡ್ ಕಾಕಾ, ಬಾಗಲಕೋಟಿ:
ನಿರೂಪಕಿ ಜೋಕ್ ಹೇಳ್ತಾಳ. ಬ್ಯಾರೆ ಏನ ಮಾಡೂದು.

ಗುಮ್ಮಟದ ಮಗ:
ಸೈಡ್ ಪ್ರಾಜೆಕ್ಟ್ ಅಂದ್ರ ನಮ್ಮ ವಿಜಯಪುರದಾಗ ಹುಟ್ಟಿದ್ದದ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ, 1580ರಿಂದ 1627. ಮೇನ್ ಬ್ಯಾಂಡ್ ರಾಜ್ಯಭಾರ. ಸೈಡಿಗೆ ಪದ ಬರದ, ರಾಗ ಕಟ್ಟಿದ, ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟ. ಇವತ್ತ ಅಂವ ಯಾವ ಯುದ್ಧ ಗೆದ್ದ ಅಂತ ನಾಕ ಮಂದಿ ಕೇಳ್ರಿ, ಒಬ್ಬಾಂವಗೂ ಗೊತ್ತಿರಂಗಿಲ್ಲ. ತಂಬೂರಿ ಹೆಸರು ಗೊತ್ತದ.

ಮತ್ತ ನೀವು ಹಾರ್ಮೋನಿಯಂಗ ಪೆಡಲ್ ಹಚ್ಚೀರಿ, ನಾವು ಹುಡುಗರಿದ್ದಾಗ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗಿ ಚಪ್ಪಾಳಿ ಹೊಡದ ಡಿಲೇ ಪೆಡಲ್ ಅಂದ್ರೇನು ಅಂತ ಕಲ್ತವರು. ರೊಕ್ಕದ ಲೆಕ್ಕದಾಗ ನಾವ ಗೆದ್ದೀವಿ.

ಎಬ್ಬಿಸ್ರಿ ಅಂತೀನಿ.

ಮೆಜೆಸ್ಟಿಕ್‌ನಿಂದ ಕೊನೇ ಬಸ್:
ಬೆಂಗಳೂರಿನಲ್ಲಿದ್ದೀನಿ, ಊರು ಟಿಳಕವಾಡಿ. ಒಂದು ವಿಷಯ ಮರೆಯಬೇಡಿ. ಲಿಕ್ವಿಡ್ ಟೆನ್ಶನ್ ನಿಂತಿದ್ದೇ ಜಗಳ ಆಗಿ. ಪೋರ್ಟ್ನಾಯ್ ಡ್ರೀಮ್ ಥಿಯೇಟರ್ ಬಿಟ್ಟು ಹೋದರಲ್ಲ, ಆ ಸಿಟ್ಟು. ಜಗಳ ಆಡಿದವರು ಮತ್ತೆ ಕೂತರೆ ಅದು ಮ್ಯೂಸಿಕ್ ಅಲ್ಲ, ರಾಜಿ ಪಂಚಾಯ್ತಿ.

ಇಳಕಲ್ ಸೆರಗು:
ಇಸವಿ ಸರಿಯಾಗಿ ಇಡ್ರಿ. ಅಂವ ಡ್ರೀಮ್ ಥಿಯೇಟರ್ ಬಿಟ್ಟದ್ದು 2010ರ ಸೆಪ್ಟೆಂಬರ್‌ನ್ಯಾಗ. ಲಿಕ್ವಿಡ್ ಟೆನ್ಶನ್ ಆಲ್ಬಮ್ ಮಾಡೂದು ನಿಂತದ್ದು 1999ಕ್ಕ. ನಡಬರಕ 11 ವರ್ಷ ಐತಿ.

ನಿಂತದ್ದಕ್ಕ ಕಾರಣ ಜಗಳಲ್ಲ, ಉಲ್ಟಾ. ಛಲೋ ಕೂಡಿತು ಅಂತನ ನಿಂತಿತು. ರೂಡೆಸ್‌ನ 1994ರಾಗನ ಡ್ರೀಮ್ ಥಿಯೇಟರ್‌ಗೆ ಕರದಿದ್ರು, ಅಂವ ಬ್ಯಾರೆ ಕಡೆ ಹೋದ. ಈ ಬಾಜೂಕಿನ ಬ್ಯಾಂಡಿನ್ಯಾಗ ಎರಡು ಆಲ್ಬಮ್ ಕೂಡಿ ಬಾರಿಸಿದ ಮ್ಯಾಲ, ಇಷ್ಟು ಛಲೋ ಹೊಂದ್ತೈತೆಲ್ಲಾ ಅಂತ 1999ರಾಗ ಮತ್ತ ಕರದ್ರು, ಆಗ ಬಂದ. ಅಲ್ಲಿದ್ದ ಕೀಬೋರ್ಡಿನಾಂವ ಡೆರೆಕ್ ಶೆರಿನಿಯನ್ ಹೊರಗ ಹೋಗಬೇಕಾತು. ಈಗ ನಾಕರಾಗ ಮೂರು ಮಂದಿ ಒಂದ ಮುಖ್ಯ ಬ್ಯಾಂಡಿನವರು. ಇನ್ನ ಬಾಜೂಕ ಯಾವ ಬ್ಯಾಂಡ್ ಉಳೀತು? ಬರೇ ಲೆವಿನ್ ಒಬ್ಬಾಂವ.

ಎರಡನೇ ಸಲನೂ ಅದ ಕಥಿ ನೋಡ್ರಿ. 2020ರಾಗ ಲಾಕ್‌ಡೌನು, ಎಲ್ಲಾರ ಟೂರೂ ರದ್ದು. ಆ ವರ್ಷ ಪೆಟ್ರೂಚಿ ಒಬ್ಬನ ಮಾಡಿದ ಆಲ್ಬಮ್ಮಿಗೆ ಪೋರ್ಟ್ನಾಯ್ ಡ್ರಮ್ಸ್ ಬಾರಿಸಿದ. ಆಮ್ಯಾಲ ನಾಕೂ ಮಂದಿ ಕೂಡಿ ಈ ಮೂರನೇ ಆಲ್ಬಮ್. 2023ರ ಅಕ್ಟೋಬರ್‌ನ್ಯಾಗ ಪೋರ್ಟ್ನಾಯ್ ಡ್ರೀಮ್ ಥಿಯೇಟರ್‌ಗೇ ವಾಪಸ್. ಅಂದ್ರ ಸಣ್ಣ ಬ್ಯಾಂಡು ದೊಡ್ಡ ಬ್ಯಾಂಡಿಗೆ ಮೊದಲ ಸಲ ಒಬ್ಬ ಕೀಬೋರ್ಡಿನಾಂವನ್ನ ಕೊಟ್ಟಿತು, ಎರಡನೇ ಸಲ ಹೋದ ಡ್ರಮ್ಮರನ್ನ ಕರ್ಕೊಂಡು ಬಂದು ಬಿಟ್ಟಿತು. ತವರಮನಿ ಹಂಗ. ಕೊಡೂದ ಅದರ ಕೆಲಸ.

ನೀವು ರಾಜಿ ಪಂಚಾಯ್ತಿ ಅಂದ್ರಿ. ಇದ್ರೂ ಇರಲಿ, ರಾಜಿನೂ ತಾಳದಾಗ ಆಗಲಿ.

ಮೆಜೆಸ್ಟಿಕ್‌ನಿಂದ ಕೊನೇ ಬಸ್:
ಇಸವಿ ತಪ್ಪಾಯ್ತು, ಒಪ್ಪಿದೆ. ಆದ್ರೂ ಮೂರನೇ ಆಲ್ಬಮ್ ಯಾಕೋ ಸ್ವಲ್ಪ ಹಳೇ ಫೋಟೋಗೆ ಫ್ರೇಮ್ ಹಾಕಿದ ಹಾಗೇ ಕೇಳಿಸುತ್ತೆ ನನಗೆ. ಅದರಲ್ಲಿರೋ ಗರ್ಶ್ವಿನ್‌ನ ರಾಪ್ಸೊಡಿ ಇನ್ ಬ್ಲೂ ಕೂಡ 2008ರ ಶೋಗಳಲ್ಲಿ ಬಾರಿಸಿದ್ದೇ. ಎರಡನೇ ಸೀಡಿಯಲ್ಲಿರೋ ಜಾಮ್‌ಗಳು ಮಾತ್ರ ಜೀವಂತ. ಲೆವಿನ್ 1946ರಲ್ಲಿ ಹುಟ್ಟಿದವರು, ರೆಕಾರ್ಡಿಂಗ್ ಹೊತ್ತಿಗೆ 74. ಎರಡೂ ಕೈ ಬೆರಳಿಂದ ತಂತಿ ತಟ್ಟಿ ನುಡಿಸೋ ಸ್ಟಿಕ್ ಅನ್ನೋ ವಾದ್ಯದ ಮೇಲೆ ಅವರ ಕೈ ಕೇಳಿ. ಬೇರೆಯವರು ಓಡ್ತಿದ್ದಾರೆ, ಅವರು ನಡೀತಿದ್ದಾರೆ, ಆದ್ರೆ ಊರು ಮೊದಲು ತಲುಪೋದು ಅವರೇ.

ಗುಮ್ಮಟದ ಮಗ:
ಅಮೇರಿಕಾದ ಮಿಸ್ಟರ್ ಬಂಗಲ್ ಬ್ಯಾಂಡ್ ಕೇಳ್ರಿ. 1986ರಾಗ ಶಾಲಿ ಹುಡುಗರಾಗಿದ್ದಾಗ ಮಾಡಿದ ಡೆಮೋ ಕ್ಯಾಸೆಟ್ಟನ್ನ 2020ರಾಗ ಹೊಸದಾಗಿ ಬಾರಿಸಿ ಬಿಟ್ರು. ಹಳೇದನ್ನ, ಆದ್ರ ಬಲತ ಕೈಲೆ. ವಡಗಾವಿ ಬಾಸ್ ಅವರ, ನಿಮ್ಮ ಹತ್ರ ಕ್ಯಾಸೆಟ್ ಗಿಸೆಟ್ ಏನರ ಉಳದದೇನ್ರಿ?

ವಡಗಾವಿ ಬಾಸ್:
ಫೋನಿನಾಗ ಮಾಡಿದ ಒಂದು ರೆಕಾರ್ಡಿಂಗ್ ಐತಿ, 11 ನಿಮಿಷದ್ದು. ಮುಕ್ಕಾಲುಪಾಲು ಮಗ್ಗದ ಸಪ್ಪಳ. ನಡುವ ಮಗ್ಗ ಒಮ್ಮೆಲೆ ನಿಲ್ತೈತಿ, ಯಾರೋ ಮರಾಠಿಯೊಳಗ ಚಹಾ ಆತು ಬರ್ರಿ ಅಂತಾರ. ಆ ಮ್ಯಾಲ ಸುಮಾರು ಎರಡು ನಿಮಿಷ ಬರೇ ಹಾರ್ಮೋನಿಯಂ, ಕರಡಿ. ಖರೇ ಹೇಳಬೇಕಂದ್ರ ಕೇಳೂ ಹಂಗ ಇರೂದು ಆ ಎರಡ ನಿಮಿಷ. ನಾನೂ ಇಲ್ಲ, ಗಿಟಾರಿನಾಂವನೂ ಇಲ್ಲ ಅದರಾಗ. ಚಹಾಕ್ಕ ಹೋಗಿದ್ವಿ.

ಗೋಕಾಕ ಕರದಂಟು:
ಬೆಳಿಗ್ಗಿಂದ ಓದಾಕತ್ತೀನಿ. ಗಿಟಾರಿನಾಂವ ಏನಂದ ಗೊತ್ತಾತು, ನೀವೇನಂತೀರಿ ಗೊತ್ತಾತು, ಅಮೇರಿಕಾದಾಗಿನವರು ಏನ ಮಾಡಿದ್ರು ಅದೂ ಗೊತ್ತಾತು. ಕರಡಿ ಬಾರಸಾಂವನ್ನ ಕೇಳೀರೇನು?

ಕೀಬೋರ್ಡ್ ಕಾಕಾ, ಬಾಗಲಕೋಟಿ:
ಹೊಡದ್ಯೋ ಕರದಂಟ.

ಗೋಕಾಕ ಕರದಂಟು:
ಹಂಗಲ್ಲ ಕಾಕಾ. ನಮ್ಮ ಮಾವನ ಮನ್ಯಾಗ ಕರಡಿ ಮಜಲಿನವರದಾರ. ಮದುವಿ, ಜಾತ್ರಿ, ದೇವರ ಮೆರವಣಿಗಿ, ಎಲ್ಲೆಲ್ಲಿ ಕರೀತಾರ ಅಲ್ಲೆಲ್ಲಾ. ಶಹನಾಯಿ, ತಾಳ, ಕರಡಿ ಕೂಡಿ ಹೊಂಟ್ರಂದ್ರ ಎರಡು ತಾಸು ಬಿಡಂಗಿಲ್ಲ. ಅವರಿಗೆ ಯಾರೂ ಪ್ರಯೋಗ ಅನ್ನಂಗಿಲ್ಲ. ಸಿಟಿ ಹುಡುಗರು ನಾಕ ಮಂದಿ ಒಂದು ಪೆಡಲ್ ಹಚ್ಚಿ ಅವರನ್ನ ಮೂಲಿಗೆ ಕುಂಡ್ರಿಸಿದ್ರ ಅದು ಪ್ರಯೋಗ. ಅದಕ್ಕ ಕೇಳಿದೆ, ಬ್ಯಾಂಡ್ ಯಾಕ ನಿಂತಿತು ಅಂತ ಬಾಸ್ ಅವರು ಹೇಳೇ ಇಲ್ಲ.

ವಡಗಾವಿ ಬಾಸ್:
ಹೇಳ್ತೀನಿ. ಇಳಕಲ್‌ನವರು ರೂಡೆಸ್‌ನ ಕಥಿ ಬರದಾಗನ ನನಗ ಹೊಟ್ಟ್ಯಾಗ ಕಲಸಿದಂಗಾತು.

2007ರ ಗಣಪತಿ ಮುಂದ ನಮ್ಮ ಖರೇ ಬ್ಯಾಂಡಿನ ಕೀಬೋರ್ಡಿನಾಂವ ನೌಕರಿ ಸಿಕ್ಕು ಹೋದ. ಹನ್ನೊಂದು ದಿನದ ಪ್ರೋಗ್ರಾಮ್ ಒಪ್ಪಿಕೊಂಡಿದ್ವಿ. ನಮ್ಮ ಹಾರ್ಮೋನಿಯಂ ಹುಡುಗನ್ನ ಅಲ್ಲಿಗೆ ಎಳಕೊಂಡ್ವಿ. ಛಲೋ ಬಾರಿಸಿದ, ಅಲ್ಲೇ ಉಳದ. ನಾಕರಾಗ ಮೂರು ಮಂದಿ ಒಂದ ಕಡೆ ಆದ್ವಿ. ಕರಡಿಯಾಂವಗ ಆ ಬ್ಯಾಂಡಿನ್ಯಾಗ ಜಾಗಾ ಇರಲಿಲ್ಲ, ಹಿಂದಿ ಹಾಡಿಗೆ ಕರಡಿ ಯಾರಿಗೆ ಬೇಕು? ಅಂವಗ ಬ್ಯಾಂಡ್ ಬಂದ್ ಆತು ಅಂತ ನಾವು ಯಾರೂ ಹೇಳಲಿಲ್ಲ. ಪ್ರಾಕ್ಟೀಸಿಗೆ ಕರಿಯೂದು ಬಿಟ್ವಿ, ಅಷ್ಟ. ಒಂದು ರವಿವಾರ ಊರಿಂದ ಬಸ್ ಹತ್ತಿ ಕರಡಿ ಹೊತ್ಕೊಂಡು ಖೋಲಿ ಮುಂದ ಬಂದು ನಿಂತಿದ್ನಂತ. ಮಗ್ಗದ ಮನಿ ಅಕ್ಕಾರು ಹೇಳಿದ್ರು. ನಮಗಿಂತ ಎರಡು ವರ್ಷ ದೊಡ್ಡಾಂವ, ನಮಗ "ಸರ" ಅಂತಿದ್ದ.

ಲೆವಿನ್‌ಗ ಕಿಂಗ್ ಕ್ರಿಮ್ಸನ್ ಇತ್ತು, ಬ್ಯಾರೆ ನೂರು ಕೆಲಸ ಇದ್ವು. ಕರಡಿಯಾಂವ ನಮ್ಮ ಲೆವಿನ್ ಅಂತ ಸಮಾಧಾನ ಮಾಡಿಕೊಳ್ಳಾಕ ನೋಡಿದೆ. ಬರಲಿಲ್ಲ.

ಇಳಕಲ್ ಸೆರಗು:
ನಿಮ್ಮ ದೋಸ್ತಗ ಉತ್ತರ ಬರಿಯೂಕಿಂತ ಮೊದಲ ಕರಡಿಯಾಂವಗ ಫೋನ್ ಮಾಡ್ರಿ. ಎಬ್ಬಿಸ್ತೀರೋ ಬಿಡ್ತೀರೋ ಅದು ಆಮ್ಯಾಲಿಂದು.

ಕೀಬೋರ್ಡ್ ಕಾಕಾ, ಬಾಗಲಕೋಟಿ:
ಮಾಡೂದಾದ್ರ ರೊಕ್ಕದ ಮಾತು ಮೊದಲ ಆಡು ತಮ್ಮಾ. ಕಲಾ, ಪ್ರಯೋಗ, ಗೆಳೆತನ ಅಂತ ಶುರು ಮಾಡಬ್ಯಾಡ. ದಿನದ ಪಗಾರ ಎಷ್ಟು, ಬಸ್ಸಿಂದ ಎಷ್ಟು, ಊಟ ಯಾರದು. ವಾದ್ಯ ಹೊರಾಂವಗ ಇದು ಅಪಮಾನ ಅಲ್ಲ, ಮರ್ಯಾದಿ. ಮೂವತ್ತು ವರ್ಷದಾಗ ನಾ ಕಲ್ತದ್ದು ಇದೊಂದ.

ಮೆಜೆಸ್ಟಿಕ್‌ನಿಂದ ಕೊನೇ ಬಸ್:
ಕಾಕಾ ಮೊದಲನೇ ಸಲ ಸರಿಯಾದ ಮಾತು ಹೇಳಿದ್ದಾರೆ, ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ವಡಗಾವಿ ಬಾಸ್:
ಮೂರು ದಿನ ಆತು ಇಲ್ಲಿ ಬರಲಿಲ್ಲ. ನಂಬರ್ ಹುಡಕಾಕ ಎರಡು ದಿನ ಹೋತು, ಅವರ ಊರಿನ ಕಿರಾಣಿ ಅಂಗಡಿಯವರು ಕೊಟ್ರು. ನಿನ್ನೆ ರಾತ್ರಿ ಹಚ್ಚಿದೆ. ಹೆಸರು ಹೇಳಿದ್ರ ಗುರ್ತು ಹತ್ತಲಿಲ್ಲ. "ವಡಗಾವಿ, ಮಗ್ಗದ ಖೋಲಿ" ಅಂದೆ. "ಓಹೋ, ದಪ್ಪ ತಂತಿ ಸರ" ಅಂದ.

ಮೊದಲ ಮಾಫಿ, ಆಮ್ಯಾಲ ಕಾಕಾ ಹೇಳಿದ ರೊಕ್ಕದ ಮಾತು ಅಂತ ಹಾಳಿ ಮ್ಯಾಲ ಬರಕೊಂಡು ಕೂತಿದ್ದೆ. ಮಾಫಿ ಮಾತಿಗೆ ಅಂವ ಏನೂ ಅನ್ನಲಿಲ್ಲ, ಹಿಂದ ಟಿವಿ ಸಪ್ಪಳ ಕೇಳ್ತಿತ್ತು, ಅಷ್ಟ. ರೊಕ್ಕದ ಮಾತಿಗೆ ಒಂದು ಮೊತ್ತ ಹೇಳಿದ, ನಾ ಬರಕೊಂಡಿದ್ದಕ್ಕಿಂತ ಜಾಸ್ತಿ. ಹೂಂ ಅಂದೆ. ತಾರೀಖು ಕೇಳಿದೆ. ಈಗ ಅಂವಂದ ಸ್ವಂತ ಮೇಳ ಐತಂತ, ಎಂಟು ಮಂದಿ. ಶ್ರಾವಣದ ನಾಕೂ ಸ್ವಾಮಾರ ಬುಕ್ ಆಗ್ಯಾವು, ಅದು ಮುಗಿಯೂತನಾ ಪುರಸೊತ್ತಿಲ್ಲ, ಆಮ್ಯಾಲ ನೋಡೂಣು ಅಂದ.

ಫೋನ್ ಇಡೂಮುಂದ ಒಂದ ಕೇಳಿದ: "ಸರ, ಆ ಪೆಟ್ಟಿಗಿಗೆ ಮತ್ತ ಆ ಕಿತ್ತಳಿ ಡಬ್ಬಿ ಹಚ್ಚತೀರೇನು? ಹಚ್ಚೂದಿದ್ರ ಬರ್ತೀನಿ. ಬರೇ ಪೆಟ್ಟಿಗಿ ಆದ್ರ ನಮ್ಮ ಮೇಳದಾಗೂ ಐತಿ."

ಪುಣೆದಾಂವಗ ಇನ್ನ ಬರದಿಲ್ಲ. ಅಟ್ಟದ ಮ್ಯಾಲ ಆ ಪೆಡಲ್ ಸಿಕ್ತು, ಬ್ಯಾಟರಿ ಒಳಗ ಸೋರಿ ಸ್ಪ್ರಿಂಗ್ ಹಸರಾಗೈತಿ. ಇದನ್ನ ಸ್ವಚ್ಛ ಮಾಡೂದು ಹ್ಯಾಂಗ್ ಯಾರಿಗರ ಗೊತ್ತೈತೇನು?

ಗುಮ್ಮಟದ ಮಗ:
ಹಳೇ ಹಲ್ಲುಜ್ಜೋ ಬ್ರಶ್ ತಗೋರಿ, ಒಂದೆರಡು ಹನಿ ವಿನಿಗರ್ ಹಾಕಿ ಸಾವಕಾಶ ತಿಕ್ಕರಿ, ಒರಸಿ ಒಂದು ದಿನ ಒಣಗಾಕ ಬಿಡ್ರಿ. ಬ್ಯಾಟರಿ ಬ್ಯಾಡ ಇನ್ನ, ಅಡಾಪ್ಟರ್ ಹಚ್ಚರಿ.