‘ನೀವು’ ಯಾವಾಗ ‘ನೀನು’ ಆಗಬೇಕು?

ಎಲ್ಲರಿಗೂ ನಮಸ್ಕಾರ.

ಡಿ. ಎಚ್. ಲಾರೆನ್ಸರ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯ 2022ರ ಚಿತ್ರಕ್ಕೆ, ಬರೀ ಅಭ್ಯಾಸಕ್ಕೆಂದು, ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಕಾದಂಬರಿಯನ್ನೂ ಇಟ್ಟುಕೊಂಡಿದ್ದೇನೆ. ಹಸಿಹಸಿ ಮಾತುಗಳೇ ಕಷ್ಟವಾದಾವು ಅಂದುಕೊಂಡಿದ್ದೆ. 1960ರಲ್ಲಿ ಲಂಡನ್ನಿನಲ್ಲಿ ಇದೇ ಕಾದಂಬರಿಗಾಗಿ ಪೆಂಗ್ವಿನ್ ಪ್ರಕಾಶನದ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದಾಗ ಆ ಮಾತುಗಳನ್ನೇ ಎಣಿಸಿ ತೋರಿಸಿದ್ದರಲ್ಲ. ಆದರೆ ನಾನು ಸಿಕ್ಕಿಕೊಂಡದ್ದು ‘ನೀನು’ ಎಂಬಲ್ಲಿ.

ಕಥೆಯ ನಾಯಕ ಮೆಲರ್ಸ್ ಬೇಟೆಕಾಡಿನ ಕಾವಲುಗಾರ. (‘ಅರಣ್ಯ ರಕ್ಷಕ’ ಅಂದರೆ ಸರ್ಕಾರಿ ನೌಕರನಾಗಿಬಿಡುತ್ತಾನೆ; ಇವನು ಧಣಿಯ ಬೇಟೆಗಾಗಿ ಹಕ್ಕಿಮರಿ ಸಾಕುವವನು.) ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದವನು, ಶಿಷ್ಟ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೂ ಡರ್ಬಿ ಸೀಮೆಯ ಆಡುನುಡಿಯನ್ನು ಬೇಕೆಂದೇ ಎಳೆದುಕೊಳ್ಳುತ್ತಾನೆ. ಧಣಿಯ ಹೆಂಡತಿ ಕಾನಿ, ಅಂದರೆ ಲೇಡಿ ಚಾಟರ್ಲಿ, ಗುಡಿಸಲಿನ ಬೀಗದ ಕೈ ಕೇಳಿದಾಗ ಆ ನುಡಿ ಅವಳನ್ನು ದೂರ ಇಡುವ ಗೋಡೆ. ಮುಂದೆ ಅವಳನ್ನು ‘ನೀನು’ ಎಂಬರ್ಥದ ಹಳೆಯ ‘ದೀ’ (thee) ಎಂಬ ಏಕವಚನದಲ್ಲಿ ಕರೆಯುವಾಗ ಅದೇ ನುಡಿ ಅಪ್ಪುಗೆ. ಅವಳು ಅದನ್ನು ತಪ್ಪುತಪ್ಪಾಗಿ ಅನುಕರಿಸುತ್ತಾಳೆ, ಅವನು ನಗುತ್ತಾನೆ. ಅವಳ ಅಕ್ಕ ಹಿಲ್ಡಾಗೋ ಅದನ್ನು ಕೇಳಿದರೇ ಸಿಟ್ಟು. ಅಂತಸ್ತೂ ಬಯಕೆಯೂ ಒಂದೇ ಸರ್ವನಾಮದಲ್ಲಿವೆ.

ಕನ್ನಡದಲ್ಲಿ ಅವನ ಪಾಲು ಸುಲಭ: ‘ಅಮ್ಮಾವ್ರೇ, ಬನ್ನಿ’ ಎನ್ನುತ್ತಿದ್ದವನು ಒಂದು ಸಂಜೆ ‘ಬಾ’ ಎಂದರೆ ಸಾಕು, ಓದುವವರ ಎದೆ ಝಲ್ಲೆನ್ನುತ್ತದೆ. ತೊಡಕು ಅವಳದು. ಆಳಿಗೆ ಒಡತಿ ಮೊದಲಿನಿಂದಲೂ ‘ನೀನು’ ಅನ್ನುವವಳೇ. ಹಾಗಿದ್ದರೆ ಪ್ರೀತಿ ಬಂದಮೇಲೆ ಅವಳು ಇಳಿಯುವುದು ಎಲ್ಲಿಗೆ? ಮೇಲಿನಿಂದ ಬಿದ್ದ ‘ನೀನು’, ತೋಳೊಳಗಿನ ‘ನೀನು’ ಎರಡಕ್ಕೂ ನಮ್ಮಲ್ಲಿ ಒಂದೇ ರೂಪ. ಆಗ ಅವಳಿಗೆ ‘ನೀವು’ ಕೊಟ್ಟರೆ ಗಂಡನನ್ನು ಬಹುವಚನದಲ್ಲಿ ಕರೆಯುವ ಗೃಹಿಣಿಯಂತೆ ಕೇಳಿಸುತ್ತಾಳೆ. ಅದಂತೂ ಬೇಡವೇ ಬೇಡ.

ಸರ್ವನಾಮ ಬಿಟ್ಟರೂ ‘ಬಂದೆಯಾ’, ‘ಬಂದಿರಾ’ ಎಂದು ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತದೆ. ಸದ್ಯ ಮೊದಲ ದೃಶ್ಯಗಳಲ್ಲಿ ಅವಳ ಮಾತನ್ನು ‘ಬೀಗದ ಕೈ ಬೇಕಾಗಿತ್ತು’, ‘ಇಲ್ಲಿ ಕೂರಬಹುದಾ’ ಎಂದು ಯಾರನ್ನೂ ಕರೆಯದ ಹಾಗೆ ಇಟ್ಟಿದ್ದೇನೆ. ಹಕ್ಕಿಮರಿಯನ್ನು ಅಂಗೈಯಲ್ಲಿ ಹಿಡಿದು ಅವಳು ಅಳುವ ದೃಶ್ಯದವರೆಗೂ ‘ನೀನು’ ಬಾಯಿಗೆ ಬರುವುದಿಲ್ಲ. ಆಮೇಲೆ ಬಂದಾಗ ಅದು ಹೊಸದಾಗಿ ಕೇಳುತ್ತದೆ ಎಂಬ ನಂಬಿಕೆ ನನ್ನದು.

ಶೀರ್ಷಿಕೆಯ ‘ಲವರ್’ಗೆ ‘ಪ್ರಿಯಕರ’ ಒಪ್ಪಿಗೆಯಿಲ್ಲ. ಅಪರಾಧ ಸುದ್ದಿಗಳು ಆ ಪದವನ್ನು ಕೆಡಿಸಿಬಿಟ್ಟಿವೆ. ‘ನಲ್ಲ’ ಇಟ್ಟಿದ್ದೇನೆ. ‘ಕ್ಲಾಸ್’ಗೆ ‘ವರ್ಗ’ಕ್ಕಿಂತ ‘ಅಂತಸ್ತು’ ವಾಸಿ, ಅದರಲ್ಲಿ ಮಹಡಿಯ ಅರ್ಥವೂ ಇದೆ.

ಹೀಗೆ ಕರೆಯದೆ ಮಾತಾಡುವ ಒಡತಿ ನಿಮ್ಮ ಕಿವಿಗೆ ಸಹಜವೆನಿಸುತ್ತಾಳೆಯೇ, ಅಥವಾ ಬಿಗುಮಾನದವಳು ಅನಿಸುತ್ತಾಳೆಯೇ? ನಿಮ್ಮ ಸೀಮೆಯ ಆಡುಮಾತಿನಲ್ಲಿ ಈ ಎರಡು ‘ನೀನು’ಗಳನ್ನು ಬೇರೆಮಾಡುವ ರೂಪವಿದ್ದರೆ ದಯವಿಟ್ಟು ತಿಳಿಸಿ.